ಋಣ ತೀರಿದರೂ ತೀರದ ಸಾಲ

ಕನ್ನಡದ 'ಸಾಲಗಾರ' ಎಂಬ ಮಾತಿಗೆ ಒಂದು ವಿಚಿತ್ರ ಗುಣವುಂಟು. 'ಬಾಗಿಲಿಗೆ ಸಾಲಗಾರರು ಬಂದು ಕೂತಿದ್ದಾರೆ' ಎಂದರೆ ಸಾಲ ಕೊಟ್ಟವರು ಎಂದರ್ಥ. 'ಅವನು ದೊಡ್ಡ ಸಾಲಗಾರ' ಎಂದರೆ ತೆಗೆದುಕೊಂಡವನು. ಕೊಟ್ಟವನಿಗೂ ಕೊಂಡವನಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಇಬ್ಬರನ್ನೂ ಒಂದೇ ಹಗ್ಗದ ಎರಡು ತುದಿಗಳೆಂದು ಭಾವಿಸಿದ್ದರೇನೋ. 'ಋಣ' ಎಂಬ ಮಾತಿನ ವ್ಯಾಪ್ತಿ ಇನ್ನೂ ದೊಡ್ಡದು. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಮನುಷ್ಯ ಹುಟ್ಟುತ್ತಲೇ ಋಣಿ. ಮದುವೆಯೂ ಋಣಾನುಬಂಧವೇ. ಗಂಡಹೆಂಡಿರು ಬೇರೆಯಾದರೆ 'ಅವರಿಬ್ಬರ ಋಣ ತೀರಿತು' ಎಂದು ಹೇಳಿ ನಿಟ್ಟುಸಿರು ಬಿಡುತ್ತೇವೆ.

ಆದರೆ ಆ ಋಣ ತೀರಿದ ಮಾತ್ರಕ್ಕೆ ಪತ್ರದ ಮೇಲಿನ ಸಾಲ ತೀರುವುದಿಲ್ಲ. ಮನೆ ಒಡೆದಾಗ ಪಾತ್ರೆ ಪರಟಿ ಹಂಚಿಕೊಳ್ಳಬಹುದು; ಸಾಲವನ್ನು ಹಂಚಿಕೊಳ್ಳುವುದು ಹೇಗೆ? ಹೊರಲಾರದವರು 'ನನ್ನಿಂದಾಗದು' ಎಂದು ನ್ಯಾಯಸ್ಥಾನದಲ್ಲಿ ಕೈಯೆತ್ತಿ ನಿಲ್ಲಬಹುದೆ? ಮದುವೆಯ ಧರ್ಮ, ಸಾಲದ ಧರ್ಮ ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದು ಈ ಒಂದು ಕವಲಿನಲ್ಲಿ ಸಂಧಿಸುತ್ತವೆ. ಆ ಕವಲಿನ ಚರಿತ್ರೆಯನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ನಮ್ಮ ನಾಡಿನಿಂದಲೇ ಆರಂಭಿಸುವುದು ಉಚಿತ. ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಾಲ. ಅವನು ಆಳಿದ್ದು 1076ರಿಂದ 1126ರವರೆಗೆ. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ ಅಸ್ಸಾಮುಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ನ್ಯಾಯಕ್ಕೆ ಮುಂದೆ ಅದೇ ಆಧಾರವಾಯಿತು.

ಆ ಸ್ಮೃತಿಯ ಋಣಾದಾನ ಪ್ರಕರಣದಲ್ಲಿ ಹೆಂಗಸಿನ ಹೊಣೆಯ ವಿಚಾರ ಸ್ಪಷ್ಟವಾಗಿದೆ. ಗಂಡ ಮಾಡಿದ ಸಾಲವನ್ನು ಹೆಂಡತಿ ತೀರಿಸಬೇಕಾಗಿಲ್ಲ. ಮಗ ಮಾಡಿದ್ದನ್ನು ತಾಯಿಯೂ ತೀರಿಸಬೇಕಾಗಿಲ್ಲ. ಹೆಂಡತಿ ಮಾಡಿದ ಸಾಲ, ಕುಟುಂಬಕ್ಕಾಗಿ ಮಾಡಿದ್ದಲ್ಲದಿದ್ದರೆ, ಗಂಡನಿಗೆ ತಗಲುವುದಿಲ್ಲ. ಗೊಲ್ಲ, ನಟ, ಅಗಸ, ಬೇಡ ಮೊದಲಾದವರಿಗೆ ಮಾತ್ರ ಬೇರೆ ಮಾತು. ಅವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರೇ ತೀರಿಸಬೇಕು. ಏಕೆಂದರೆ ಆ ಮನೆಗಳ ಜೀವನ ಹೆಂಡಿರ ದುಡಿಮೆಯ ಮೇಲೆ ನಿಂತಿದೆ. ಯಾರ ದುಡಿಮೆಯಿಂದ ಒಲೆ ಉರಿಯುತ್ತದೋ ಅವರ ಮಾತಿಗೆ ಮನೆಯೆಲ್ಲ ಬದ್ಧವೆಂಬ ವಿವೇಕ ಇಲ್ಲಿ ಕಾಣುತ್ತದೆ. ಹಾಗಾದರೆ ಹೆಂಗಸು ತೀರಿಸಬೇಕಾದ ಸಾಲ ಯಾವುದು? ಮೂರೇ ಮೂರು: ತಾನು ಬಾಯಿಬಿಟ್ಟು ಒಪ್ಪಿಕೊಂಡದ್ದು, ತಾನೇ ಮಾಡಿದ್ದು, ಗಂಡನೊಡನೆ ಕೂಡಿ ಮಾಡಿದ್ದು. ಈ ಮೂರನೆಯದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಸ್ತ್ರೀಧನದ ವಿಷಯದಲ್ಲೂ ಆ ಸ್ಮೃತಿ ಲೆಕ್ಕ ಬಿಟ್ಟಿಲ್ಲ. ಬರಗಾಲದಲ್ಲಿ, ಧರ್ಮಕಾರ್ಯಕ್ಕೆ, ರೋಗದಲ್ಲಿ, ಸೆರೆಸಿಕ್ಕಾಗ ಗಂಡನು ಹೆಂಡತಿಯ ಒಡವೆ ತೆಗೆದುಕೊಂಡರೆ ಅದನ್ನು ಹಿಂದಿರುಗಿಸಬೇಕಾಗಿಲ್ಲ. ಇತರ ಕಾರಣಗಳಿಗೆ ತೆಗೆದುಕೊಂಡರೆ ಅದು ಸಾಲವೇ. 1985ರಲ್ಲಿ ಪ್ರತಿಭಾ ರಾಣಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗಂಡನ ಮನೆಯಲ್ಲಿರುವ ಸ್ತ್ರೀಧನ ಹೆಂಡತಿಯದೇ ಎಂದು ತೀರ್ಪಿತ್ತಾಗ ಈ ಹಳೆಯ ಮಾತಿಗೆ ಹೊಸ ಮುದ್ರೆ ಬಿದ್ದಂತಾಯಿತು.

ಆದರೆ ಸ್ಮೃತಿಕಾರರು ಒಂದನ್ನು ಮಾತ್ರ ಯೋಚಿಸಲಿಲ್ಲ. ಅದು ಸಾಲದಿಂದ ಬಿಡುಗಡೆ. ಬಡ್ಡಿಯ ಒಟ್ಟು ಅಸಲಿನಷ್ಟಾದರೆ ಅಲ್ಲಿಗೆ ನಿಲ್ಲಬೇಕೆಂಬ ದಾಮ್‌ದುಪ್ಪಟ್ಟು ನಿಯಮವಿತ್ತು. ಮುಂಬಯಿ ಪ್ರಾಂತದ ನ್ಯಾಯಸ್ಥಾನಗಳು ಅದನ್ನು ಬ್ರಿಟಿಷರ ಕಾಲದಲ್ಲೂ ಪಾಲಿಸಿದವು. ಅಸಲು ಮಾತ್ರ ಸಾಯುವಂತಿರಲಿಲ್ಲ. ಕೈಲಾಗದವನು ಕೀಳು ಜಾತಿಯವನೆನಿಸಿಕೊಂಡಿದ್ದರೆ ದುಡಿದು ತೀರಿಸಬೇಕು. ಬ್ರಾಹ್ಮಣನಾದರೆ ಬಂದಂತೆ ಮೆಲ್ಲಗೆ ಕೊಟ್ಟರಾಯಿತು. ಒಂದೇ ಬಡತನಕ್ಕೆ ಎರಡು ಅಳತೆ! ತಂದೆ ಸತ್ತರೆ ಮಗನ ತಲೆಗೆ ಸಾಲ ಬಂತು. ಹೆಂಡ, ಜೂಜು, ಕಾಮಗಳಿಗಾಗಿ ತಂದೆ ಮಾಡಿದ್ದನ್ನು ಮಾತ್ರ ಮಗ ತೀರಿಸಬೇಕಾಗಿರಲಿಲ್ಲ. ಮಗನ ಈ ಧಾರ್ಮಿಕ ಹೊಣೆ ಕಾನೂನಿನಿಂದ ಅಳಿದುಹೋದದ್ದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ, ಅಂದರೆ ಮೊನ್ನೆ ಮೊನ್ನೆ.

ವಿವಾಹವಿಚ್ಛೇದನ ಶಾಸ್ತ್ರದಲ್ಲಿ ಇಲ್ಲವೆಂದು ಪಂಡಿತರು ಹೇಳುತ್ತಿದ್ದಾಗಲೂ ಊರುಗಳಲ್ಲಿ ಅದು ನಡೆದೇ ಇತ್ತು. ಉತ್ತರ ಕರ್ನಾಟಕದಲ್ಲಿ 'ಸೋಡಚೀಟಿ' ಎಂಬ ಮಾತು ಇಂದಿಗೂ ಜೀವಂತವಾಗಿದೆ. ಹಳೆಯ ಮೈಸೂರು ಸೀಮೆಯ ಬುಡಕಟ್ಟು ಜಾತಿಗಳನ್ನು ಕುರಿತು ಎಚ್. ವಿ. ನಂಜುಂಡಯ್ಯನವರೂ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರೂ ಸಿದ್ಧಪಡಿಸಿದ ಸಂಪುಟಗಳಲ್ಲಿ ಇಂಥ ಬಿಡುಗಡೆಯ ವಿವರಗಳಿವೆ. ಬಿಟ್ಟುಬಂದ ಹೆಣ್ಣನ್ನು ಕೂಡಿಕೆ ಮಾಡಿಕೊಂಡವನು ಮೊದಲ ಗಂಡನಿಗೆ ತೆರವನ್ನೋ ಮದುವೆಯ ಖರ್ಚನ್ನೋ ಕಟ್ಟಿಕೊಡಬೇಕು. ಪಂಚಾಯಿತಿಯ ಎದುರಿಗೆ ಲೆಕ್ಕ ಚುಕ್ತಾ ಆಗಬೇಕು. ಹೆಣ್ಣಿಗೆ ಬೆಲೆ ಕಟ್ಟುವ ಈ ಪದ್ಧತಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಸಂಬಂಧವೂ ಲೆಕ್ಕವೂ ಒಂದೇ ದಿನ, ಒಂದೇ ಕಟ್ಟೆಯ ಮೇಲೆ ಮುಗಿಯುತ್ತಿದ್ದವೆಂಬುದು ಗಮನಿಸತಕ್ಕ ಸಂಗತಿ. 1955ರ ಹಿಂದೂ ವಿವಾಹ ಶಾಸನ ಎಲ್ಲ ಹಿಂದೂಗಳಿಗೂ ವಿಚ್ಛೇದನದ ಹಕ್ಕು ಕೊಟ್ಟಾಗಲೂ ರೂಢಿಯ ವಿಚ್ಛೇದನವನ್ನು ತನ್ನ 29ನೆಯ ಪ್ರಕರಣದಲ್ಲಿ ಉಳಿಸಿಕೊಂಡಿತು.

ಇನ್ನು ದಿವಾಳಿಯ ಕಡೆಗೆ ಬರೋಣ. ಉತ್ತರದ ಪೇಟೆಗಳಲ್ಲಿ ವ್ಯಾಪಾರಿ ಮುರಿದುಬಿದ್ದಾಗ ಹಗಲಿನಲ್ಲೇ ಅಂಗಡಿಯಲ್ಲಿ ದೀಪ ಹಚ್ಚಿಡುತ್ತಿದ್ದನೆಂದೂ, ಅದರಿಂದಲೇ ಆ ಹೆಸರು ಬಂತೆಂದೂ ಹೇಳುವುದುಂಟು. ನಮ್ಮವರ 'ಪಾಪರ್ ಚೀಟಿ'ಯಾದರೋ ಇಂಗ್ಲಿಷಿನಿಂದ ಬಂದದ್ದು. ಅಲ್ಲಿ ಆ ಮಾತಿಗೆ ಬಡವನೆಂದಷ್ಟೇ ಅರ್ಥ. ಕನ್ನಡ ಕಿವಿಗೆ ಅದರಲ್ಲಿ 'ಪಾಪ' ಕೇಳಿಸಿತು. ಅವಮಾನ ತಾನಾಗಿ ಅಂಟಿಕೊಂಡಿತು.

ಇಂಗ್ಲೆಂಡಿನಲ್ಲಿ ಬಹುಕಾಲ ಸಾಲಗಾರನಿಗೆ ಸೆರೆಮನೆಯೇ ಗತಿ. 1824ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ತಂದೆ ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆ ಸೇರಿದ. ಹೆಂಡತಿ ಮತ್ತು ಚಿಕ್ಕ ಮಕ್ಕಳೂ ಅಲ್ಲಿಗೇ ಹೋಗಿ ವಾಸಮಾಡಿದರು. ಹನ್ನೆರಡು ವರ್ಷದ ಚಾರ್ಲ್ಸ್ ಬೂಟಿನ ಮಸಿಯ ಕಾರ್ಖಾನೆಯಲ್ಲಿ ದುಡಿದ. ಸಾಲ ಒಬ್ಬನದು, ಸೆರೆ ಎಲ್ಲರದು. ಕೆಲವು ತಿಂಗಳ ಮೇಲೆ ಆ ತಂದೆ ಹೊರಬಂದದ್ದು ದಿವಾಳಿ ಸಾಲಗಾರರ ಕಾನೂನಿನ ಆಶ್ರಯದಿಂದಲೇ. ವ್ಯಾಪಾರಿಗಳಲ್ಲದವರಿಗೂ ಬ್ಯಾಂಕ್ರಪ್ಸಿಯ ಬಾಗಿಲು ತೆರೆದದ್ದು 1861ರಲ್ಲಿ. ಸಾಲಕ್ಕಾಗಿ ಸೆರೆ ಬಹುಮಟ್ಟಿಗೆ ನಿಂತದ್ದು 1869ರಲ್ಲಿ. ಮದುವೆಯಾದ ಹೆಂಗಸಿಗೆ ತನ್ನದೆಂಬ ಆಸ್ತಿಯನ್ನು ಅಲ್ಲಿಯ ಕಾನೂನು ಪೂರ್ಣವಾಗಿ ಒಪ್ಪಿದ್ದು 1882ರಲ್ಲಿ. ಈ ಒಂದು ವಿಷಯದಲ್ಲಿ ಕಲ್ಯಾಣದ ಪಂಡಿತ ಏಳು ಶತಮಾನಗಳಿಗೂ ಹೆಚ್ಚು ಮುಂದಿದ್ದ.

ಭಾರತದ ಮೂರು ಪ್ರೆಸಿಡೆನ್ಸಿ ನಗರಗಳಿಗೆ 1848ರಲ್ಲಿ ಒಂದು ದಿವಾಳಿ ಶಾಸನ ಬಂತು. ಅದರ ಸ್ಥಾನಕ್ಕೆ 1909ರಲ್ಲಿ ಮತ್ತೊಂದು. ಉಳಿದ ಪ್ರಾಂತಗಳಿಗೆ 1920ರ ಪ್ರಾಂತೀಯ ದಿವಾಳಿ ಶಾಸನ. ಅದರ ವಿಧಾನ ಸರಳ. ಐನೂರು ರೂಪಾಯಿಗೆ ಕಡಿಮೆಯಿಲ್ಲದ ಸಾಲವಿದ್ದು ತೀರಿಸಲಾರದವನು ಜಿಲ್ಲಾ ನ್ಯಾಯಸ್ಥಾನಕ್ಕೆ ಅರ್ಜಿ ಹಾಕಬಹುದು. ದಿವಾಳಿಯೆಂದು ಘೋಷಣೆಯಾದೊಡನೆ ಅವನ ಆಸ್ತಿ ನ್ಯಾಯಸ್ಥಾನದ ಅಥವಾ ರಿಸೀವರನ ವಶವಾಗುತ್ತದೆ. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚಿ, ಕೊನೆಗೆ ಅವನಿಗೆ ಬಿಡುಗಡೆಯ ಆಜ್ಞೆ. ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ, ಅದಕ್ಕೆ ತಾನು ಹೊಣೆಯಲ್ಲವೆಂದು ಅವನು ತೋರಿಸಿಕೊಡಬೇಕು.

ಈ ಶಾಸನಕ್ಕೆ ಮನೆಯೊಳಗಿನ ಹೂಟಗಳು ಚೆನ್ನಾಗಿ ತಿಳಿದಿದ್ದವು. ಆಸ್ತಿಯನ್ನು ಹೆಂಡತಿಯ ಹೆಸರಿಗೆ ದಾನ ಬರೆದು ಎರಡು ವರ್ಷದೊಳಗೆ ದಿವಾಳಿಯ ಅರ್ಜಿ ಬಂದರೆ ಆ ಬರಹವನ್ನು ರದ್ದುಮಾಡಬಹುದು. ಇನ್ನೊಂದು ಕಡೆ, ಬಿಡುಗಡೆಯ ಆಜ್ಞೆಯಾದರೂ ನಾಲ್ಕು ಬಗೆಯ ಹೊಣೆ ಉಳಿಯುತ್ತದೆ. ಸರ್ಕಾರದ ಬಾಕಿ, ಮೋಸದಿಂದಾದ ಸಾಲ, ಮೋಸದಿಂದ ಪಡೆದ ವಾಯಿದೆಯ ಸಾಲ ಇವು ಮೂರು. ನಾಲ್ಕನೆಯದು ಹೆಂಡತಿ ಮಕ್ಕಳ ಜೀವನಾಂಶ. 1898ರ ದಂಡಪ್ರಕ್ರಿಯಾ ಸಂಹಿತೆಯ 488ನೆಯ ಪ್ರಕರಣದ ಪ್ರಕಾರ ಗೊತ್ತಾದ ಜೀವನಾಂಶವನ್ನು ಯಾವ ಪಾಪರ್ ಚೀಟಿಯೂ ಅಳಿಸಲಾರದು. ಆ ಪ್ರಕರಣ 1973ರ ಸಂಹಿತೆಯಲ್ಲಿ 125 ಆಯಿತು. 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ಸಂಖ್ಯೆ ಬದಲಾಯಿತು, ಹೊಣೆ ಬದಲಾಗಲಿಲ್ಲ. ಬ್ಯಾಂಕಿನ ಸಾಲವನ್ನು ಮನ್ನಿಸಬಹುದು, ಮಗುವಿನ ಹಾಲಿನ ದುಡ್ಡನ್ನು ಮನ್ನಿಸುವಂತಿಲ್ಲವೆಂಬ ಈ ತಾರತಮ್ಯ ದಿವಾಳಿಯ ಚರಿತ್ರೆಯಲ್ಲೆಲ್ಲ ಅತ್ಯಂತ ಮಾನವೀಯವಾದದ್ದೆಂದು ನನ್ನ ಅಭಿಪ್ರಾಯ.

ಇವೆಲ್ಲ ಹಳೆಯ ಪುಸ್ತಕದ ಮಾತಲ್ಲವೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಖಾಸಗಿ ಕೆಲಸದಲ್ಲಿರುವವಳು, ಎರಡು ವರ್ಷದ ಹಿಂದೆ ವಿಚ್ಛೇದನ ಪಡೆದಳು. ಗಂಡಹೆಂಡಿರು ಕೂಡಿ ರುಜು ಮಾಡಿದ ಮನೆಯ ಸಾಲವಿತ್ತು. ಮನೆ ಹರಾಜಾದ ಮೇಲೂ ಲಕ್ಷಗಟ್ಟಲೆ ಬಾಕಿ ಉಳಿಯಿತು. ರಾಜಿಪತ್ರದಲ್ಲಿ ಆ ಬಾಕಿ ಗಂಡನದೆಂದು ಬರೆದಿತ್ತು. ಆದರೆ ಸಾಲ ಕೊಟ್ಟವರು ಕೇಳುತ್ತಿದ್ದುದು ಅವಳನ್ನು. "ಸಾರ್, ಸಂಬಂಧವೇ ಇಲ್ಲ ಅಂತ ಕೋರ್ಟೇ ಹೇಳಿದ ಮೇಲೆ ಸಾಲ ಮಾತ್ರ ಹೇಗೆ ನನ್ನದು? ಪಾಪರ್ ಅರ್ಜಿ ಹಾಕಿಬಿಡಲೇ?" ಎಂದು ಕೇಳಿದಳು. "ಅಮ್ಮಾ, ನಾನು ಕನ್ನಡ ಪಾಠ ಹೇಳುವವನು, ಮೊದಲು ಒಳ್ಳೆಯ ವಕೀಲರನ್ನು ನೋಡು" ಎಂದೆ. ಆದರೂ ಓದಿದ್ದನ್ನು ಅವಳೆದುರು ಹರಡಿಟ್ಟೆ.

ಗಂಡನೊಡನೆ ಕೂಡಿ ಮಾಡಿದ ಸಾಲ ಹೆಂಗಸಿನದೂ ಹೌದೆಂದು ಯಾಜ್ಞವಲ್ಕ್ಯ ಹೇಳಿದ್ದನ್ನೇ 1872ರ ಕರಾರು ಶಾಸನದ 43ನೆಯ ಪ್ರಕರಣ ತನ್ನ ಭಾಷೆಯಲ್ಲಿ ಹೇಳುತ್ತದೆ. ಕೂಡಿ ಮಾತುಕೊಟ್ಟವರಲ್ಲಿ ಯಾರನ್ನು ಬೇಕಾದರೂ ಹಿಡಿದು ಪೂರ್ತಿ ಕೇಳಬಹುದು. ತೆತ್ತವರು ಜೊತೆಯವನಿಂದ ಅವನ ಪಾಲನ್ನು ವಸೂಲು ಮಾಡಿಕೊಳ್ಳಬಹುದು. ರಾಜಿಪತ್ರ ಗಂಡಹೆಂಡಿರ ನಡುವಿನದು. ಅದಕ್ಕೆ ರುಜು ಹಾಕದ ಮೂರನೆಯವರನ್ನು ಅದು ಕಟ್ಟಿಹಾಕದು. ದಿವಾಳಿಯ ಅರ್ಜಿ ಹಾಕಿದರೆ ತಾಯಿ ಕೊಟ್ಟ ಒಡವೆಗಳೂ ರಿಸೀವರನ ಕೈಸೇರಬಹುದು. ಸ್ತ್ರೀಧನಕ್ಕೆ ಗಂಡನ ಸಾಲದಿಂದ ರಕ್ಷಣೆಯುಂಟು, ತನ್ನ ಸಾಲದಿಂದಿಲ್ಲ. ಧರ್ಮಾಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣವನ್ನು ಮಾತ್ರ 1908ರ ಸಿವಿಲ್ ಸಂಹಿತೆಯ 60ನೆಯ ಪ್ರಕರಣ ಜಪ್ತಿಯಿಂದ ಕಾಪಾಡುತ್ತದೆ. ತಾಳಿಯನ್ನೇ ತೆಗೆದಿಟ್ಟವಳಿಗೆ ಆ ರಿಯಾಯಿತಿಯಿಂದೇನು ಪ್ರಯೋಜನ ಎಂದು ಅವಳು ನಕ್ಕಳು. ಆ ನಗುವಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಧೈರ್ಯದ ಮಾತೂ ಇತ್ತು. ಹಣದ ಡಿಕ್ರಿಗಾಗಿ ಹೆಂಗಸನ್ನು ದಸ್ತಗಿರಿ ಮಾಡಬಾರದೆಂದು ಅದೇ ಸಂಹಿತೆಯ 56ನೆಯ ಪ್ರಕರಣ ಹೇಳುತ್ತದೆ. ಗಂಡಸರಿಗೂ, ತೀರಿಸುವ ಶಕ್ತಿಯಿಲ್ಲದ ಪ್ರಾಮಾಣಿಕ ಬಡವನನ್ನು ಸೆರೆಗೆ ಹಾಕಬಾರದೆಂದು 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸುಪ್ರೀಂ ಕೋರ್ಟಿನಲ್ಲಿ ಬರೆದರು. ಡಿಕ್ರಿಯೇ ಆದರೂ ಸಂಬಳದ ಮೊದಲ ಸಾವಿರ ರೂಪಾಯಿಯನ್ನೂ ಉಳಿದುದರ ಮೂರರಲ್ಲೆರಡು ಪಾಲನ್ನೂ ಮುಟ್ಟುವಂತಿಲ್ಲ. ಪ್ರಾವಿಡೆಂಟ್ ಫಂಡನ್ನೂ ಮುಟ್ಟುವಂತಿಲ್ಲ. ಸೆರೆಮನೆಯ ಭಯ ಹೋದ ಮೇಲೆ ಅವಳಿಗೆ ಲೆಕ್ಕ ಮಾಡುವ ಸಮಾಧಾನ ಬಂತು. ವಕೀಲರ ಮೂಲಕ ಮಾತಾಡಿ, ಬಾಕಿಯನ್ನು ತಗ್ಗಿಸಿಕೊಂಡು ಕಂತಿನ ಮೇಲೆ ತೀರಿಸಲು ಒಪ್ಪಿದಳು, ಅರ್ಜಿ ಹಾಕಲಿಲ್ಲ. ಸಂಬಳವೇ ಇಲ್ಲದಿದ್ದರೆ, ಸಾಲ ಇನ್ನೂ ದೊಡ್ಡದಾಗಿದ್ದರೆ, ಅರ್ಜಿ ಹಾಕುವುದೇ ಸರಿಯಾದ ದಾರಿಯಾಗುತ್ತಿತ್ತು. ಅದರಲ್ಲಿ ನಾಚಬೇಕಾದ್ದು ಏನೂ ಇರುತ್ತಿರಲಿಲ್ಲ.

2016ರಲ್ಲಿ ಪಾರ್ಲಿಮೆಂಟು ಹೊಸ ದಿವಾಳಿ ಸಂಹಿತೆಯೊಂದನ್ನು ಅಂಗೀಕರಿಸಿತು. ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇರುವ ಕಡುಬಡವರಿಗೆ 'ಹೊಸ ಆರಂಭ' ಎಂಬ ಸುಲಭ ದಾರಿಯನ್ನು ಅದರಲ್ಲಿ ಬರೆದಿದ್ದಾರೆ. ಜೀವನಾಂಶ ಅಲ್ಲಿಯೂ ಮನ್ನಾ ಆಗದ ಸಾಲವೇ. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗದಲ್ಲಿ 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರ ವಿಷಯ ಮಾತ್ರ. ಕಂಪೆನಿಗೆ ಹೊಸ ಬಾಗಿಲು, ಸಂಸಾರಿಗೆ 1920ರ ಹಳೆಯ ಕಿಂಡಿ.

ವ್ಯಾಪಾರ ಮುರಿದವನು ಮತ್ತೆ ಅಂಗಡಿ ತೆರೆದರೆ ನಾವು ಅವನ ಛಲವನ್ನು ಮೆಚ್ಚುತ್ತೇವೆ. ಸಂಸಾರ ಮುರಿದು, ಕೂಡಿ ಹಾಕಿದ ರುಜುವಿನ ಹೊರೆಯನ್ನು ಒಬ್ಬಳೇ ಹೊತ್ತವಳು ಕಾನೂನಿನ ಆಶ್ರಯ ಕೇಳಿದರೆ ಮಾತ್ರ ಮೂಗಿನ ಮೇಲೆ ಬೆರಳಿಡುತ್ತೇವೆ. ಒಂದು ಸಾಲಕ್ಕೆ ಎರಡು ಅಳತೆ ಇಡುವ ಅಭ್ಯಾಸ ಸ್ಮೃತಿಯೊಂದಿಗೇ ಮುಗಿಯಲಿಲ್ಲ. ಶಾಸನಗಳನ್ನು ತಿದ್ದಲು ಪಾರ್ಲಿಮೆಂಟಿದೆ. ಈ ಅಳತೆಗೋಲು ಇರುವುದು ನಮ್ಮ ನಮ್ಮ ಮನೆಗಳಲ್ಲಿ. ಅದನ್ನು ತಿದ್ದಬೇಕಾದವರು ನಾವೇ.