ರೈಡ್ ನಿಲ್ಲಿಸುವ ಅಧಿಕಾರ ಯಾರಿಗೆ? ಆಪರೇಟರ್‌ಗಳ ಸುರಕ್ಷತಾ ನಿಯಮಗಳು, ಒಂದು ವಿವರಣೆ

ಪಾರ್ಕ್‌ನಲ್ಲಾಗಲಿ, ಜಾತ್ರೆಯಲ್ಲಾಗಲಿ, ರೈಡ್ ಅವಘಡ ಆದ ಕೂಡಲೇ ಕೇಳಿಬರೋ ಮಾತು ‘ಆಪರೇಟರ್ ನಿರ್ಲಕ್ಷ್ಯ’. ಸುರಕ್ಷತಾ ನಿಯಮಗಳು ಕೇಳುವ ಪ್ರಶ್ನೆಯೇ ಬೇರೆ: ಆ ಆಪರೇಟರ್‌ಗೆ ತರಬೇತಿ ಕೊಟ್ಟವರು ಯಾರು? ರೈಡ್ ನಿಲ್ಲಿಸುವ ಅಧಿಕಾರ ಅವರಿಗಿತ್ತಾ?

ಸ್ಮೈಲರ್ ಪ್ರಕರಣದ ಪಾಠವೇನು?

2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕ್‌ನ ‘ಸ್ಮೈಲರ್’ ರೋಲರ್‌ಕೋಸ್ಟರ್‌ನಲ್ಲಿ ಪರೀಕ್ಷೆಗೆಂದು ಬಿಟ್ಟ ಖಾಲಿ ಬಂಡಿ ಹಳಿ ಮೇಲೆಯೇ ನಿಂತುಬಿಟ್ಟಿತು. 16 ಮಂದಿ ಕೂತಿದ್ದ ಹಿಂದಿನ ಬಂಡಿಯನ್ನು ಕಂಪ್ಯೂಟರ್ ತಡೆಹಿಡಿಯಿತು. ಹಳಿ ಖಾಲಿ ಇದೆ ಅಂದುಕೊಂಡ ಎಂಜಿನಿಯರ್‌ಗಳು ಆ ತಡೆಯನ್ನು ತಾವೇ ತೆಗೆದರು. ಡಿಕ್ಕಿಯಲ್ಲಿ ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಯಂತ್ರದಲ್ಲಿ ದೋಷವಿರಲಿಲ್ಲ, ಕೆಲಸದ ವ್ಯವಸ್ಥೆಯಲ್ಲಿತ್ತು ಎಂಬುದು ಬ್ರಿಟನ್‌ನ ಸುರಕ್ಷತಾ ಇಲಾಖೆಯ ತನಿಖೆಯಲ್ಲಿ ಗೊತ್ತಾಯಿತು. 2016ರಲ್ಲಿ ಕೋರ್ಟ್ 50 ಲಕ್ಷ ಪೌಂಡ್ ದಂಡ ಹಾಕಿದ್ದು ಕಂಪನಿಗೆ.

ಮೂಲ ನಿಯಮಗಳು ಯಾವುವು?

• ದಿನದ ತಪಾಸಣೆ: ಜನರನ್ನು ಬಿಡುವ ಮೊದಲು ಬೋಲ್ಟ್, ಬ್ರೇಕ್, ಸೀಟಿನ ಲಾಕ್, ಎಮರ್ಜೆನ್ಸಿ ಸ್ಟಾಪ್ ನೋಡಿ, ಖಾಲಿ ರೈಡ್ ಓಡಿಸಿ, ಲಾಗ್‌ಬುಕ್‌ಗೆ ಸಹಿ ಹಾಕಬೇಕು.
• ಟ್ರಯಲ್ ರನ್: ತೂಕಕ್ಕೆ ಮರಳಿನ ಮೂಟೆ ಇಡಬೇಕು, ಸಿಬ್ಬಂದಿಯನ್ನು ಕೂರಿಸಬಾರದು. 2016ರ ಮೇನಲ್ಲಿ ಚೆನ್ನೈನ ಪಾರ್ಕೊಂದರ ಟ್ರಯಲ್ ರನ್‌ನಲ್ಲಿ ಸತ್ತದ್ದು ಅಲ್ಲಿನ ಉದ್ಯೋಗಿಯೇ.
• ರಿಪೇರಿ: ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು. ಕೀಲಿ ರಿಪೇರಿಗೆ ಇಳಿದವರ ಜೇಬಲ್ಲೇ ಇರಬೇಕು.
• ಪ್ಯಾನಲ್: ರೈಡ್ ಓಡುವಾಗ ಆಪರೇಟರ್ ಅದನ್ನು ಬಿಟ್ಟು ಕದಲಬಾರದು. ಟಿಕೆಟ್ ಹರಿಯೋದು ಬೇರೆಯವರ ಕೆಲಸ.
• ತಡೆ ತೆಗೆಯುವುದು: ಒಬ್ಬರೇ ನಿರ್ಧರಿಸುವಂತಿಲ್ಲ. ಇಡೀ ಹಳಿಯನ್ನು ಕಣ್ಣಾರೆ ನೋಡಿದ ಮೇಲಷ್ಟೇ ತೆಗೆಯಬೇಕು.

ನಮ್ಮಲ್ಲಿ ಕಾನೂನು ಏನಿದೆ?

ಅಮ್ಯೂಸ್‌ಮೆಂಟ್ ರೈಡ್‌ಗಳಿಗೆಂದೇ ಐಎಸ್ 15475 ಎಂಬ ಭಾರತೀಯ ಮಾನದಂಡವಿದೆ. ಆದ್ರೆ ಬಿಐಎಸ್ ಮಾನದಂಡ ತಾನಾಗಿಯೇ ಕಡ್ಡಾಯವಾಗಲ್ಲ. ಸರ್ಕಾರದ ಆದೇಶವೋ ಲೈಸೆನ್ಸ್ ಷರತ್ತೋ ಹಾಗಂತ ಹೇಳಬೇಕು.

ಇನ್ನೊಂದು, ಕಾರ್ಮಿಕರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020. ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕೆಲಸದ ಜಾಗ ಅಪಾಯಮುಕ್ತವಾಗಿರುವಂತೆ ನೋಡಿಕೊಳ್ಳುವುದು, ತರಬೇತಿ ಕೊಡುವುದು ಮಾಲೀಕರ ಹೊಣೆ. ಜೀವಾಪಾಯ ಕಂಡರೆ ತಿಳಿಸುವ ಹಕ್ಕು ಕಾರ್ಮಿಕರಿಗಿದೆ, ತಕ್ಷಣ ಸರಿಪಡಿಸುವ ಕರ್ತವ್ಯ ಮಾಲೀಕರದ್ದು.

ಆದರೆ ಸಂಹಿತೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಅನ್ವಯ. ಊರಿಂದೂರಿಗೆ ಲಾರಿಯಲ್ಲಿ ತೊಟ್ಟಿಲು ಸಾಗಿಸಿ, ರಾತ್ರಿಯಿಡೀ ಜೋಡಿಸಿ, ಮರುದಿನ ತಾವೇ ಓಡಿಸುವ ಐದಾರು ಹುಡುಗರು ಈ ಲೆಕ್ಕದಿಂದ ಹೊರಗೇ ಉಳಿಯಬಹುದು.

ಹಾಗಾದ್ರೆ ಏನಾಗಬೇಕು?

ಜಾತ್ರೆಗೆ ಪರವಾನಗಿ ಕೊಡುವವರು ಐಎಸ್ 15475 ಅನ್ನು ಷರತ್ತಾಗಿ ಸೇರಿಸಬೇಕು, ಲಾಗ್‌ಬುಕ್ ಕೇಳಬೇಕು. ಜೊತೆಗೆ ಇನ್ನೊಂದು ಸಾಲು ಬರೆಯಬೇಕು: ಅನುಮಾನ ಬಂದು ರೈಡ್ ನಿಲ್ಲಿಸಿದ ಆಪರೇಟರ್‌ನ ಆ ದಿನದ ಕೂಲಿ ಕತ್ತರಿಸುವಂತಿಲ್ಲ. ಕೂಲಿ ಹೋಗುತ್ತೆ ಅನ್ನೋ ಭಯ ಇರೋವರೆಗೂ ಆ ಕೆಂಪು ಬಟನ್ ಇದ್ದೂ ಇಲ್ಲದಂತೆ.