ಆರಕ್ಕೇರಿ ಒಂದಕ್ಕಿಳಿದ ಸಂಖ್ಯೆ

ಆರಕ್ಕೇರದ, ಮೂರಕ್ಕಿಳಿಯದ ಮನುಷ್ಯರು ಊರೂರಲ್ಲೂ ಇದ್ದಾರೆ. ಆದರೆ ಆರಕ್ಕೇರಿ, ಮೂರನ್ನೂ ದಾಟಿ ಒಂದಕ್ಕಿಳಿಯುವ ಸಂಖ್ಯೆಯೊಂದುಂಟು: 12345654321. ಬಾಯಲ್ಲಿ ಹೇಳಿದರೆ ಇದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹಾಗೆ ಹೇಳಿದಾಗ ಇದರಲ್ಲಿ ಯಾವ ಚೆಲುವೂ ಕಾಣದು. ಅಂಕಿಗಳಲ್ಲಿ ಬರೆದರೆ ಮಾತ್ರ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಈ ಸಂಖ್ಯೆ ಕ್ರಿ.ಶ. 850ರ ಸುಮಾರಿನ 'ಗಣಿತಸಾರಸಂಗ್ರಹ'ದಲ್ಲಿದೆ. ಸಂಸ್ಕೃತದ ಈ ಗ್ರಂಥವನ್ನು ಬರೆದವನು ಜೈನ ವಿದ್ವಾಂಸ ಮಹಾವೀರಾಚಾರ್ಯ. ಗ್ರಂಥಾರಂಭದಲ್ಲಿ ಆತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಗುಣಾಕಾರದ ಲೆಕ್ಕಗಳನ್ನು ಕೊಡುವಾಗ, ಉತ್ತರ ಕೊರಳ ಹಾರದಂತೆ ಬರುವ ಹಾಗೆ ಆತ ಅಂಕಿಗಳನ್ನು ಆರಿಸುತ್ತಾನೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ ಮೇಲಿನ ನಮ್ಮ ಸಂಖ್ಯೆ. (ಅಂಗಡಿಯ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ ಅದು ಹಿಡಿಸದು, ಕಾಗದವೇ ಗತಿ.)

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಹಾರದ ಸಂಖ್ಯೆ ಆರು ಒಂದುಗಳ ವರ್ಗವೇ ಆಗಿದೆ. 11ರ ವರ್ಗ 121, 111ರ ವರ್ಗ 12321. ಗುಣಿಸುವಾಗ ಒಂದುಗಳ ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆಯುತ್ತೇವಲ್ಲ, ಕೂಡಿದಾಗ ನಡುವಿನ ಕಂಬದಲ್ಲಿ ಹೆಚ್ಚು ಒಂದುಗಳು, ಅಂಚಿನಲ್ಲಿ ಕಡಿಮೆ. ದಶಕ ಬರದಿರುವ ತನಕ ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ ನಡೆಯುತ್ತದೆ. ಹತ್ತನೆಯದು ಸೇರಿದೊಡನೆ ದಶಕ ಬಂದು, ವರ್ಗ 1234567900987654321 ಆಗುತ್ತದೆ, ಸರ ಹರಿಯಿತು.

ಮಹಾವೀರಾಚಾರ್ಯ ಈ ಸಂಖ್ಯೆಯನ್ನು ಕೋಟಿ-ಲಕ್ಷಗಳಲ್ಲಿ ಹೇಳುವುದಿಲ್ಲ. ಒಂದರಿಂದ ಆರರವರೆಗೆ ಹೋಗಿ ಕ್ರಮವಾಗಿ ಇಳಿಯುವುದು ಎಂದು ಬಣ್ಣಿಸುತ್ತಾನೆ. ಅಂಕಿಯ ಬೆಲೆ ಅದು ನಿಂತ ಸ್ಥಾನದಿಂದ ಎಂಬುದು ರೂಢಿಯಾಗಿದ್ದ ಓದುಗನಿಗೆ ಮಾತ್ರ ಈ ಮಾತು ತಿಳಿದೀತು. ಇತಿಹಾಸಕಾರರಿಗೆ ಇದು ಬೆಲೆಯುಳ್ಳ ಸಾಕ್ಷಿಯಾದುದು ಅದಕ್ಕೇ. ಅಂಥ 24 ಸ್ಥಾನಗಳಿಗೆ, 'ಏಕ'ದಿಂದ 'ಮಹಾಕ್ಷೋಭ'ದ ತನಕ, ಆತ ಹೆಸರು ಕೊಟ್ಟಿದ್ದಾನೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಗ್ರಂಥವನ್ನು ಅಚ್ಚು ಹಾಕಿಸಿದ ಮೇಲೆ ಹೊರಜಗತ್ತಿಗೆ ಇದರ ಪರಿಚಯವಾಯಿತು.

ಸಂಸ್ಕೃತ ಬಾರದವರ ಪಾಡೇನು? ಅದಕ್ಕೆ ಉತ್ತರ ಬೆಳಗಾವಿ ಸೀಮೆಯಲ್ಲಿದೆ. 12ನೇ ಶತಮಾನದ ಜೈನ ಕವಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ಕನ್ನಡದಲ್ಲೇ ರಚಿಸಿದ. ಅವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅದೇ ಶತಮಾನದಲ್ಲಿ, ನೆರೆಯ ಚಿಕ್ಕೋಡಿ ತಾಲೂಕಿನ ಏಕಸಂಬಿಯಲ್ಲಿ, ಶಿಲಾಹಾರ ವಿಜಯಾದಿತ್ಯನ ಸೇನಾನಿ ಕಾಲಣ ನೇಮಿನಾಥ ಬಸದಿಯನ್ನು ಕಟ್ಟಿಸಿದ. ಅದರ ಶಾಸನ 1165ರದು. ಬಸದಿಗೆ ಬಂದುಹೋಗುವ ವ್ಯಾಪಾರಿಯೂ ಒಕ್ಕಲಿಗನೂ ಆಡುತ್ತಿದ್ದ ನುಡಿಯಲ್ಲೇ ರಾಜಾದಿತ್ಯನ ಲೆಕ್ಕದ ಸೂತ್ರಗಳಿದ್ದವು.