ಮೂಕಿಭಾರದ ಲೆಕ್ಕ

ಭಾರತ ಹುಣ್ಣಿಮೆ ಹತ್ತಿರ ಬಂದರೆ ಮೈಲಾರ ಜಾತ್ರೆಯ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು. ಹಿಂದಿನ ಟ್ರೇಲರಿಗೆ ಬಿದಿರ ಗಳ ಬಗ್ಗಿಸಿ ಟಾರ್ಪಾಲು ಹೊದಿಸಿರುತ್ತಾರೆ. ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಮೂಲೆಯಲ್ಲಿ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕೊಡ. ಮಲಗುವುದು, ಉಣ್ಣುವುದು, ಮಕ್ಕಳನ್ನು ಸಂಭಾಳಿಸುವುದು ಎಲ್ಲಾ ಅಲ್ಲೇ. ಅಮೆರಿಕದವರು ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು ಹೊರಡುವ ‘ಟ್ರಾವೆಲ್ ಟ್ರೇಲರ್’ ಇದರ ಸಿರಿವಂತ ನೆಂಟ, ಅಷ್ಟೆ. ಟ್ರ್ಯಾಕ್ಟರು ಬರುವ ಮೊದಲು ಇದೇ ದಾರಿಯಲ್ಲಿ ಕಮಾನು ಕಟ್ಟಿದ ಕೊಲ್ಲಾರಿ ಬಂಡಿಗಳು ಹೋಗುತ್ತಿದ್ದವು. ಹೊರಡುವ ಮುನ್ನ ಮನೆಯಲ್ಲಿ ಏಳುತ್ತಿದ್ದ ಪ್ರಶ್ನೆ ಮಾತ್ರ ಎಲ್ಲ ಕಾಲಕ್ಕೂ ಒಂದೇ: ಇದನ್ನು ಎಳೆಯಲು ಯಾವುದನ್ನು ಹೂಡುವುದು?

ದಾವಣಗೆರೆ ಸುತ್ತಲಿನ ಪೇಟೆಗಳಾದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಪ್ರಶ್ನೆಯನ್ನು ಬೇರೆ ಊರುಗಳಿಗಿಂತ ಹೆಚ್ಚು ಕಾಲ ಕೇಳಿಕೊಂಡಿವೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಳಿ ಹಾಕಿದಾಗ ರೈಲು ದಾವಣಗೆರೆಗೆ ಬಂತು. ಈ ನಾಲ್ಕು ಪೇಟೆಗಳು ಹಳಿಯಿಂದ ದೂರವೇ ಉಳಿದವು. ಚನ್ನಗಿರಿಯ ಅಡಿಕೆ, ಹೊನ್ನಾಳಿ ಸೀಮೆಯ ಭತ್ತ, ಜಗಳೂರಿನ ಶೇಂಗಾ ಏನೇ ಇರಲಿ, ರಸ್ತೆಯಲ್ಲೇ ಸಾಗಬೇಕಿತ್ತು.

ರಸ್ತೆಯೂ ಇಲ್ಲದ ಕಾಲದಲ್ಲಿ ಹೇರೆತ್ತುಗಳಿದ್ದವು. ಬೆನ್ನಿನ ಎರಡೂ ಬದಿಗೆ ಗೋಣಿ ಇಳಿಬಿಟ್ಟ ಎತ್ತುಗಳ ಹಿಂಡು ಹೊಡೆದುಕೊಂಡು ಬಂಜಾರರು ಉಪ್ಪು, ದವಸ ಸಾಗಿಸುತ್ತಿದ್ದರು. ಅವರ ಆರಾಧ್ಯ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದರೆಂದು ಭಕ್ತರು ನಂಬುವ ಸೂರಗೊಂಡನಕೊಪ್ಪ ಈಗಿನ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಹೇರೆತ್ತಿಗೆ ದಾರಿ ಬೇಕಿರಲಿಲ್ಲ, ಕಾಲುಹಾದಿ ಸಾಕಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರಸ್ತೆಗಳು ಹೆಚ್ಚಿದ ಮೇಲೆ ಬೆನ್ನಿನ ಹೇರು ನಿಧಾನವಾಗಿ ಗಾಡಿಗೆ ಇಳಿಯಿತು. ಹೊರುವ ಎತ್ತಿನ ಜಾಗಕ್ಕೆ ಎಳೆಯುವ ಎತ್ತು ಬಂತು.

ಎಳೆಯುವ ಎತ್ತಿನ ವಿಷಯದಲ್ಲಿ ಮೈಸೂರು ಸೀಮೆಗೆ ಹಳೆಯ ಹೆಸರಿತ್ತು. ಚಿಕ್ಕದೇವರಾಜ ಒಡೆಯರ ಕಾಲದ (1673–1704) ‘ಬೆಣ್ಣೆ ಚಾವಡಿ’ ಎಂಬ ಅರಮನೆಯ ದನದ ಹಿಂಡನ್ನು ಹೈದರಾಲಿ ಸೈನ್ಯದ ಸಾಗಣೆಗೆ ಬೆಳೆಸಿದ, ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಫಿರಂಗಿ ಎಳೆದುಕೊಂಡು ದಂಡಿನ ಜೊತೆ ಹೆಜ್ಜೆ ಹಾಕುವ ಎತ್ತು ಎಂದು ಬ್ರಿಟಿಷ್ ಸೇನಾಧಿಕಾರಿಗಳೂ ಮೆಚ್ಚಿದ್ದರು. 1860ರಲ್ಲಿ ಖರ್ಚು ಉಳಿಸಲು ಈ ಹಿಂಡನ್ನು ಮಾರಿಬಿಟ್ಟ ಸರಕಾರ, ಸೈನ್ಯಕ್ಕೆ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇರುವುದು ಚನ್ನಗಿರಿಯ ದಕ್ಷಿಣಕ್ಕಿರುವ ಅಜ್ಜಂಪುರದಲ್ಲಿ.

ಹಾಗೆಂದು ಅಮೃತಮಹಲ್ ಎತ್ತು ಎಲ್ಲರ ಬಂಡಿಗೂ ಒಗ್ಗುವಂಥದ್ದಲ್ಲ. ಅದರ ಗುಣ ವೇಗ ಮತ್ತು ತಾಳಿಕೆ, ಸಿಟ್ಟೂ ಜಾಸ್ತಿ. ಎರೆನೆಲದಲ್ಲಿ ಭಾರಿ ಹೇರು ನಿಧಾನಕ್ಕೆ ಎಳೆಯಲು ಉತ್ತರದ ಕೃಷ್ಣಾ ತೀರದ ದಪ್ಪ ತಳಿ ಬೇರೆಯೇ ಇತ್ತು. ಆದ್ದರಿಂದ ಸಂತೆಗೆ ಹೋದ ರೈತ ಮೊದಲು ತನ್ನ ದಾರಿ, ತನ್ನ ಹೇರು ನೆನೆದು ಆಮೇಲೆ ಎತ್ತಿನ ಬಾಯಿ ಬಿಡಿಸುತ್ತಿದ್ದ. ಎರಡು ಹಲ್ಲೋ ನಾಲ್ಕು ಹಲ್ಲೋ, ಬಾಯಿಗೂಡಿದೆಯೋ, ಸುಳಿ ಸರಿಯಿದೆಯೋ, ಗೊರಸು ಗಟ್ಟಿಯೋ ಎಂದು ನೋಡಿ, ಟವಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ದರ ಮುರಿಯುತ್ತಿದ್ದ. ಜೋಡಿಯ ಎತ್ತರ, ನಡಿಗೆ ಎರಡೂ ಹೊಂದಬೇಕು. ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ತಡವರಿಸುತ್ತದೆ.

ಇಷ್ಟಾದರೂ ಅರ್ಧ ಕೆಲಸ ಮಾತ್ರ ಮುಗಿದಂತೆ. ಉಳಿದರ್ಧ ಇರುವುದು ಹೇರುವುದರಲ್ಲಿ. ಎರಡು ಗಾಲಿಯ ಬಂಡಿ ತಕ್ಕಡಿಯಿದ್ದಂತೆ, ಅಚ್ಚೇ ಅದರ ನಡುಗೂಟ. ಚೀಲ ಮುಂದಕ್ಕೆ ಸರಿದರೆ ‘ಮೂಕಿಭಾರ’: ನೊಗ ಎತ್ತಿನ ಹೆಗಲ ಮೇಲೆ ಕೂತು ತೊಗಲು ಸುಲಿಯುತ್ತದೆ. ಹಿಂದಕ್ಕೆ ಸರಿದರೆ ‘ಹಿಂಭಾರ’: ನೊಗ ಮೇಲೆದ್ದು ಕೊರಳ ಹಗ್ಗ ಗಂಟಲು ಹಿಡಿಯುತ್ತದೆ. ಏರು ಬಂದಾಗ ಭಾರ ತಾನಾಗಿ ಹಿಂದಕ್ಕೆ ವಾಲುವುದರಿಂದ ಹೊಡೆಯುವವನು ಮೂಕಿಯ ಮೇಲೆ ಮುಂದಕ್ಕೆ ಸರಿದು ಕೂರುತ್ತಿದ್ದ. ಇಳಿಜಾರಿನಲ್ಲಿ ಹಿಂದಕ್ಕೆ ಜರುಗುತ್ತಿದ್ದ. ತನ್ನ ಮೈಯನ್ನೇ ತೂಕದ ಬಟ್ಟು ಮಾಡಿಕೊಳ್ಳುವ ವಿದ್ಯೆ ಅದು. ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಗೆ ಟೊಂಕ ಕಟ್ಟಿ ನಿಂತಾಗ ಒತ್ತಿ ಹೇಳಿದ್ದೂ ನೊಗದಿಂದ ಎತ್ತಿನ ಕತ್ತಿಗಾಗುವ ಈ ಹಿಂಸೆಯನ್ನೇ.

ಇಂದು ಟ್ರೇಲರ್ ಎಳೆಯಲು ಪಿಕಪ್ ಆರಿಸುವವರಿಗೆ ತಂತ್ರಜ್ಞರು ಹೇಳುವ ಮಾತು ಇದಕ್ಕಿಂತ ದೂರವಿಲ್ಲ. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಬಾಲದಂತೆ ಅತ್ತಿತ್ತ ಬಳುಕುತ್ತದೆ. ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ಮೂಕಿಭಾರ, ಹಿಂಭಾರದ ಲೆಕ್ಕ ಕಿಲೋಗ್ರಾಮಿಗೆ ಇಳಿದಿದೆ. ಇಳಿಜಾರಿನಲ್ಲಿ ಎಂಜಿನ್ನಿನ ಶಕ್ತಿಗಿಂತ ಬ್ರೇಕು ಮುಖ್ಯ ಎಂಬುದೂ ಹಳೆಯದೇ. ಬಂಡಿ ಹಿಂದಿನಿಂದ ನೂಕಿಕೊಂಡು ಬಂದಾಗ ತಡೆದು ನಿಲ್ಲುವ ಎತ್ತಿಗೇ ಬೆಲೆ ಹೆಚ್ಚು.

ಎತ್ತಿನಿಂದ ಎಂಜಿನ್ನಿಗೆ ಆದ ಬದಲಾವಣೆ ನಾಲ್ಕೂ ಕಡೆ ಒಂದೇ ವೇಗದಲ್ಲಿ ಆಗಲಿಲ್ಲ. 1960ರ ದಶಕದ ಹೊತ್ತಿಗೆ ಭದ್ರಾ ನಾಲೆಯ ನೀರು ಹರಿದ ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ಭತ್ತ, ತೋಟಗಳ ದುಡ್ಡು ಟ್ರ್ಯಾಕ್ಟರಿಗೆ ದಾರಿ ಮಾಡಿತು. ನಾಲೆಯ ನೀರು ಕಾಣದ ಜಗಳೂರಿನ ಒಣನೆಲದಲ್ಲಿ ಎತ್ತಿನ ದುಡಿಮೆ ಇನ್ನಷ್ಟು ಕಾಲ ಉಳಿಯಿತು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಹೇರಿಗೆ ಟ್ರ್ಯಾಕ್ಟರ್ ಹೂಡುವ ಪ್ರಮೇಯವೂ ತಪ್ಪಿತು. ಆದರೆ ಏಸ್ ಆಗಲಿ, ಬೊಲೆರೊ ಪಿಕಪ್ ಆಗಲಿ ಇಲ್ಲಿ ಎಳೆಯುವ ಗಾಡಿಯಾಗಿ ಬರಲಿಲ್ಲ. ಹಳೆಯ ಹೇರೆತ್ತಿನ ಹಾಗೆ ಬೆನ್ನಿನ ಮೇಲೇ ಹೊತ್ತವು.

ಎಳೆಯುವ ಕೆಲಸ ಟ್ರ್ಯಾಕ್ಟರಿನ ಪಾಲಿಗೇ ಉಳಿದಿದೆ. ಎತ್ತುಗಳು ಈ ಸೀಮೆಯಲ್ಲಿ ಜನರ ನಡುವೆ ಓಡುವುದು ಈಗ ಹೆಚ್ಚಾಗಿ ದೀಪಾವಳಿಯ ನಂತರದ ಹೋರಿ ಹಬ್ಬದಲ್ಲಿ. ಹೊನ್ನಾಳಿ, ನ್ಯಾಮತಿ ಕಡೆಯ ಆ ಅಖಾಡದಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ನುಗ್ಗುವ ಹೋರಿಯ ಹಿಂದೆ ಬಂಡಿ ಇರುವುದಿಲ್ಲ.